‘ಗೃಹಭಂಗ’ದ ವಿಶ್ವನೂ ಗಾಣಗಾಪುರದ ಜೋಳಿಗೆಯೂ

ಶ್ರೀ ಎಸ್. ಎಲ್. ಭೈರಪ್ಪನವರ ‘ಗೃಹಭಂಗ’ವು 1970ರಲ್ಲಿ ಪ್ರಕಟವಾದಂದಿನಿಂದ ಅದನ್ನು ಕುರಿತು ಬಂದಿರುವ ವಿಮರ್ಶೆಗಳು ಅನೇಕ. ಹೆಚ್ಚಿನವು ನಂಜಮ್ಮನ ಸಹನೆಯನ್ನು ಕೊಂಡಾಡಿ ವಿರಮಿಸುತ್ತವೆ. ಆಕೆ ಕೊಂಡಾಡತಕ್ಕವಳೇ ಸರಿ. ಗಂಡನಾದ ಚೆನ್ನಿಗರಾಯನು ಹೆಸರಿಗೆ ಮಾತ್ರ ಶಾನುಭೋಗನಾಗಿರಲು, ಲೆಕ್ಕದ ಪುಸ್ತಕಗಳನ್ನು ತಾನೇ ಬರೆದು, ಮುತ್ತುಗದ ಎಲೆ ಹಚ್ಚಿ ಮಾರಿ ಮಕ್ಕಳ ಹೊಟ್ಟೆ ಹೊರೆದ ಸಾಧ್ವಿಯವಳು. ಆದರೆ ಈಚೆಗೆ ಆ ಗ್ರಂಥವನ್ನು ಪುನಃ ಓದುವಾಗ ನನ್ನ ಮನಸ್ಸು ತಾಯಿಯನ್ನು ಬಿಟ್ಟು ಕಿರಿಯ ಮಗನಾದ ವಿಶ್ವನಲ್ಲಿ ನಿಂತಿತು. ಪ್ಲೇಗಿನಲ್ಲಿ ಅಕ್ಕನೂ ಅಣ್ಣನೂ ತೀರಿಕೊಂಡರು, ತಾಯಿಯೂ ಹೋದಳು. ತಂದೆಯೂ ಬಂಧುಗಳೂ ಇದ್ದಾರೆ, ಆಶ್ರಯ ಮಾತ್ರವಿಲ್ಲ. ಕೊನೆಗೆ ಅವನ ಕೈ ಹಿಡಿದು ಊರು ಬಿಡಿಸಿ ಕರೆದೊಯ್ಯುವವನು ಭಿಕ್ಷಾನ್ನದಿಂದ ಜೀವಿಸುವ ಮಹಾದೇವಯ್ಯನೆಂಬ ಜಂಗಮನು!

ಈ ಮುಕ್ತಾಯವನ್ನು ಓದಿ ಕಣ್ಣೊರಸಿಕೊಂಡವರು ಬಹಳ. ಗಾಣಗಾಪುರದ ಸೀಮೆಯವರಾದ ನಮಗಾದರೋ ಅದರಲ್ಲಿ ಕಣ್ಣೀರಿಗಿಂತ ಹೆಚ್ಚಿನ ವಿಚಾರವುಂಟು. ಭೀಮಾ-ಅಮರಜಾ ಸಂಗಮದ ಈ ಕ್ಷೇತ್ರದಲ್ಲಿ ಭಿಕ್ಷೆಯು ಒಂದು ವ್ರತವಾಗಿದೆ. ಸರಸ್ವತೀ ಗಂಗಾಧರನು ಮರಾಠಿಯಲ್ಲಿ ರಚಿಸಿದ ‘ಗುರುಚರಿತ್ರೆ’ಯನ್ನು ಪಾರಾಯಣ ಮಾಡಿ, ನಿರ್ಗುಣ ಪಾದುಕೆಗಳ ದರ್ಶನಕ್ಕೆಂದು ಬರುವ ಶ್ರೀಮಂತರೂ ಮಧ್ಯಾಹ್ನದಲ್ಲಿ ಐದು ಮನೆಗಳ ಮುಂದೆ ನಿಂತು ಮಧುಕರಿ ಬೇಡುತ್ತಾರೆ. ದುಂಬಿಯು ಹೂವಿಗೆ ನೋವಾಗದಂತೆ ಮಧುವನ್ನು ಹೀರುವ ಹಾಗೆ ಸ್ವಲ್ಪ ಸ್ವಲ್ಪವೇ ಸ್ವೀಕರಿಸುವದೆಂದು ಆ ಶಬ್ದದ ಅರ್ಥ. ಅಹಂಕಾರವನ್ನು ಕಳೆದುಕೊಳ್ಳಲು ಬೇಡುವವನಿಗೆ ಕಳೆದುಕೊಳ್ಳತಕ್ಕ ಅಹಂಕಾರವಾದರೂ ಇರಬೇಕು. ಹಸಿದು ಕೈಯೊಡ್ಡುವ ಎಂಟು ವರ್ಷದ ಕೂಸಿಗೆ ಅದೆಲ್ಲಿಯದು? ಒಡ್ಡಿದ ಅಂಗೈ ಒಂದೇ ಬಗೆಯದು. ಒಬ್ಬನಿಗದು ತಪಸ್ಸು, ಮತ್ತೊಬ್ಬನಿಗೆ ಅಪಮಾನದ ಅಭ್ಯಾಸ. ಯಾತ್ರಿಕರು ಇಬ್ಬರಿಗೂ ಒಂದೇ ನಾಣ್ಯವನ್ನು ಹಾಕಿ ಒಂದೇ ಪುಣ್ಯವನ್ನು ಬರೆದುಕೊಳ್ಳುವರು.

ಭೈರಪ್ಪನವರು ಈ ಭೇದವನ್ನು ಬಲ್ಲವರಾಗಿದ್ದರು. 1996ರಲ್ಲಿ ಹೊರಬಂದ ‘ಭಿತ್ತಿ’ಯೆಂಬ ಆತ್ಮಕಥೆಯಲ್ಲಿ ತಾವು ವಿದ್ಯಾರ್ಥಿದೆಶೆಯಲ್ಲಿ ವಾರಾನ್ನವುಂಡುದನ್ನು ಮುಚ್ಚುಮರೆಯಿಲ್ಲದೆ ಹೇಳಿರುತ್ತಾರೆ. ವಾರಾನ್ನವೆಂಬದನ್ನು ಇಂದಿನ ಎಳೆಯರಿಗೆ ವಿವರಿಸಬೇಕಾದೀತು. ಬಡ ಹುಡುಗನು ಏಳು ಮನೆಗಳನ್ನು ಗೊತ್ತುಮಾಡಿಕೊಂಡು, ಸೋಮವಾರ ಒಬ್ಬರಲ್ಲಿ, ಮಂಗಳವಾರ ಮತ್ತೊಬ್ಬರಲ್ಲಿ, ಹೀಗೆ ಉಂಡು ಓದುವ ಏರ್ಪಾಡು ಅದು. ನಮ್ಮ ಪಾಠಶಾಲೆಗಳು ಉಳಿದದ್ದೇ ಇದರಿಂದ. ದಿನವು ನಿಶ್ಚಿತವಾಗಿರುತ್ತಿದ್ದುದರಿಂದ ಹುಡುಗನು ಪ್ರತಿದಿನವೂ ಹೊಸಬರ ಬಾಗಿಲಲ್ಲಿ ಯಾಚಿಸಬೇಕಾಗಿರಲಿಲ್ಲ. ಅದು ಅವನ ವಾರ, ಅವನ ಎಲೆ. ಆದರೆ ಮನೆಯವರಿಗೆ ಸೂತಕ ಬಂದರೆ ಅಂದು ಉಪವಾಸವೇ. ಅದಕ್ಕಿಂತಲೂ ದೊಡ್ಡ ಲೋಪವೆಂದರೆ, ಆ ಪಂಕ್ತಿಯು ಸಾಮಾನ್ಯವಾಗಿ ಜಾತಿಯ ಬೇಲಿಯನ್ನು ದಾಟಲಿಲ್ಲ. ಮಠಗಳ ಉಚಿತ ಪ್ರಸಾದನಿಲಯಗಳೂ ಸರಕಾರದ ವಿದ್ಯಾರ್ಥಿನಿಲಯಗಳೂ ಬಂದು ಆ ಬೇಲಿಯನ್ನು ಕೊಂಚ ಸರಿಸಿದವು. 2019ರಲ್ಲಿ ಲಿಂಗೈಕ್ಯರಾದ ಸಿದ್ಧಗಂಗೆಯ ಶ್ರೀ ಶಿವಕುಮಾರ ಸ್ವಾಮಿಗಳ ದಾಸೋಹವನ್ನು ನೆನೆಯದೆ ಈ ಮಾತನ್ನು ಮುಗಿಸಲಾಗದು.

ಕಾದಂಬರಿಗೆ ಮರಳೋಣ. ಚೆನ್ನಿಗರಾಯನು ಬದುಕಿರುವನಾದ್ದರಿಂದ ವಿಶ್ವನನ್ನು ಅನಾಥನೆನ್ನುವಂತಿಲ್ಲ. ತಂದೆಯುಳ್ಳ ಅನಾಥನ ದುರವಸ್ಥೆಯನ್ನು ಕನ್ನಡದಲ್ಲಿ ಇಷ್ಟು ನಿಷ್ಠುರವಾಗಿ ತೋರಿಸಿದ ಗ್ರಂಥವು ವಿರಳ. 2015ರ ಬಾಲನ್ಯಾಯ ಕಾಯಿದೆಯು ಇಂಥವನನ್ನು ಗುರುತಿಸಿರುವದು ಸಂತೋಷದ ಸಂಗತಿ. ತಂದೆತಾಯಿಗಳಿದ್ದೂ ಅವರು ಪೋಷಣೆಗೆ ಅಯೋಗ್ಯರೆಂದು ಕಂಡುಬಂದಲ್ಲಿ ಮಗುವು ರಕ್ಷಣೆಗೆ ಅರ್ಹವೆಂದೇ ಅದರ ವಿಧಿ. ಮಗುವನ್ನು ಭಿಕ್ಷೆಗೆ ಹಚ್ಚಿದವನಿಗೆ ಐದು ವರ್ಷಗಳವರೆಗೆ ಸೆರೆವಾಸವನ್ನೂ ಒಂದು ಲಕ್ಷ ರೂಪಾಯಿ ದಂಡವನ್ನೂ ಅದು ವಿಧಿಸುತ್ತದೆ. ‘ಮಿಷನ್ ವಾತ್ಸಲ್ಯ’ದಲ್ಲಿ ಇಂಥ ಮಕ್ಕಳನ್ನು ಕುಟುಂಬದಲ್ಲಿಯೇ ಉಳಿಸಿ ಓದಿಸಲು ತಿಂಗಳಿಗೆ 4000 ರೂಪಾಯಿಗಳ ಪ್ರಾಯೋಜಕತ್ವವುಂಟು. ಇದು ವಾರಾನ್ನದ ವಂಶದ್ದೇ, ಆದರೆ ಜಾತಿಯನ್ನು ಕೇಳದು. ಇಷ್ಟಿದ್ದರೂ ಹುಡುಗನ ಹೆಸರನ್ನು ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಗೆ ಯಾರಾದರೂ ಮುಟ್ಟಿಸಬೇಕಷ್ಟೆ! ಶಾಲೆಯ ಹಾಜರಿ ಪುಸ್ತಕದಲ್ಲಿ ತಿಂಗಳುಗಟ್ಟಲೆ ಗೈರುಹಾಜರಾದವನ ಹೆಸರನ್ನು ಕೆಂಪು ಶಾಯಿಯಿಂದ ಹೊಡೆದುಹಾಕುವದು ನಮ್ಮ ವೃತ್ತಿಯವರಿಗೆ ಬಹು ಸುಲಭದ ಕೆಲಸ. 1098ಕ್ಕೆ ದೂರವಾಣಿ ಮಾಡುವದು ಅದಕ್ಕಿಂತ ಕಷ್ಟವಾದುದಲ್ಲ.

ಗ್ರಂಥಕರ್ತರಲ್ಲಿ ನನಗೊಂದು ತಕರಾರುಂಟು. ಮಹಾದೇವಯ್ಯನ ಕಾರುಣ್ಯವು ಎಷ್ಟು ಮನೋಹರವಾಗಿದೆಯೆಂದರೆ, ಉಳಿದ ಊರನ್ನು ವಾಚಕನು ಅನಾಯಾಸವಾಗಿ ಕ್ಷಮಿಸಿಬಿಡುವನು. ಬಂಧುಗಳು, ಜಮೀನುದಾರರು, ಪೂಜಾರಿಗಳು, ನೆರೆಹೊರೆಯವರು ಇವರೆಲ್ಲರ ಹೊಣೆಯು ಆ ಒಬ್ಬ ಜಂಗಮನ ಜೋಳಿಗೆಯೊಳಗೆ ಅಡಗಿಹೋಗುತ್ತದೆ. ಇದು ಕೃತಿಯ ದೋಷವಲ್ಲ, ಲೋಕಸ್ವಭಾವದ ಚಿತ್ರವೆಂದು ಕೆಲವರು ವಾದಿಸಬಹುದು. ಒಪ್ಪೋಣ. ಹಾಗಾದರೆ ಮಹಾದೇವಯ್ಯನು ಆ ಊರಿಗೆ ಬಾರದೆಯೇ ಇದ್ದಿದ್ದರೆ ವಿಶ್ವನ ಗತಿಯೇನಾಗುತ್ತಿತ್ತೆಂಬದನ್ನು ಆ ವಾದಿಗಳು ಹೇಳಬೇಕು.