ಎಂಟು ಕೊಂಬಿನ ಪೆಟ್ಟಿಗೆ

ವಿಮರ್ಶೆ ಎಂದ ಕೂಡಲೆ ನಮಗೆ ಕಾದಂಬರಿಯೋ ನಾಟಕವೋ ನೆನಪಾಗುತ್ತದೆ. ಮನೆಗೆ ತರುವ ಸಾಮಾನನ್ನೂ ನಾವು ವಿಮರ್ಶೆ ಮಾಡಿಯೇ ತರುತ್ತೇವೆಂಬುದು ಮರೆತುಹೋಗಿರುತ್ತದೆ. ಮಡಕೆ ಕೊಳ್ಳುವ ಹೆಂಗಸು ಬೆರಳ ಗೆಣ್ಣಿನಿಂದ ತಟ್ಟಿ ಸದ್ದು ಕೇಳುತ್ತಾಳೆ. ಹುಣಸೆಹಣ್ಣು ಕೊಳ್ಳುವವಳು ಒಂದು ಎಳೆ ಬಾಯಿಗೆ ಹಾಕಿಕೊಳ್ಳುತ್ತಾಳೆ. ಬೆಂಡೆಕಾಯಿಯ ತುದಿ ಮುರಿದು ನೋಡದೆ ಚೀಲಕ್ಕೆ ಹಾಕಿಕೊಳ್ಳುವವರನ್ನು ನಾನಂತೂ ಕಂಡಿಲ್ಲ. ಆದರೆ ವೈಫೈ ರೂಟರ್ ಎಂಬ ಪೆಟ್ಟಿಗೆಯನ್ನು ತಟ್ಟಿ ನೋಡುವುದು ಹೇಗೆಂದು ಯಾರೂ ಹೇಳಿಕೊಟ್ಟಿಲ್ಲ. ಹಾಗಾಗಿ ಡಬ್ಬದ ಮೇಲೆ ಅಚ್ಚಾದ ಅಂಕಿಯನ್ನು ನಂಬಿ, ಮೇಲೆದ್ದ ಕೊಂಬುಗಳನ್ನು ಎಣಿಸಿ, ಇಪ್ಪತ್ತು ಮೂವತ್ತು ಸಾವಿರ ರೂಪಾಯಿ ತೆತ್ತು ಬರುತ್ತಾರೆ.

ನಮ್ಮ ಪಿಲ್ಲಗುಂಪೆಯಲ್ಲಿ ಈಚೆಗೆ ಇದು ಹೆಚ್ಚಿದೆ. ಒಂದು ಕಡೆ ಕೈಗಾರಿಕಾ ಪ್ರದೇಶ, ಇನ್ನೊಂದು ಕಡೆ ಬೆಂಗಳೂರಿನ ಕಂಪನಿಗಳಿಗೆ ಮನೆಯಲ್ಲೇ ಕೂತು ದುಡಿಯುವ ಹುಡುಗರು. ನನ್ನ ತಂಗಿಯ ಮಗನೂ ಅವರಲ್ಲೊಬ್ಬ. ಅವನು ತಂದ ರೂಟರಿಗೆ ಎಂಟು ಕೊಂಬು. ಬೆನ್ನಡಿಯಾಗಿ ಬಿದ್ದ ಜೇಡ ಕಾಲು ಮೇಲೆತ್ತಿದ ಹಾಗೆ ಕಾಣುತ್ತದೆ. ರಾತ್ರಿ ಕೆಂಪು ದೀಪ ಬೇರೆ. "ಇಪ್ಪತ್ತೆಂಟು ಸಾವಿರ ದೊಡ್ಡಮ್ಮ, ಇನ್ನು ಮನೆ ಪೂರ್ತಿ ನೆಟ್ಟೇ ನೆಟ್ಟು" ಎಂದ. ಮನೆ ಪೂರ್ತಿ ಎಂಬ ಆ ಮಾತನ್ನು ಪರೀಕ್ಷೆ ಮಾಡಬೇಕೆಂದು ನನಗೆ ಅನ್ನಿಸಿತು. ಈ ಬರಹ ಆ ಪರೀಕ್ಷೆಯ ಫಲ.

ಮೊದಲು ಅಂಕಿಯ ಮಾತು. ಏಸಸ್ ಕಂಪನಿಯ ಜಿಟಿ-ಎಎಕ್ಸ್11000 ಎಂಬ ಪ್ರಸಿದ್ಧ ರೂಟರನ್ನೇ ತೆಗೆದುಕೊಳ್ಳಿ. ಹೆಸರಿನಲ್ಲೇ ಹನ್ನೊಂದು ಸಾವಿರ ಇದೆ. ಅದು ಎಲ್ಲಿಂದ ಬಂತು? 2.4 ಗಿಗಾಹರ್ಟ್ಸಿನ ಒಂದು ದಾರಿಯಲ್ಲಿ ಸೆಕೆಂಡಿಗೆ 1148 ಮೆಗಾಬಿಟ್, 5 ಗಿಗಾಹರ್ಟ್ಸಿನ ಎರಡು ದಾರಿಗಳಲ್ಲಿ ತಲಾ 4804. ಮೂರನ್ನೂ ಕೂಡಿದರೆ 10756. ಅದನ್ನು ದುಂಡಗೆ ಮಾಡಿ 11000 ಎಂದು ಬರೆದಿದ್ದಾರೆ. ಕನ್ನಡ, ಗಣಿತ, ವಿಜ್ಞಾನ ಮೂರರಲ್ಲೂ ಬಂದ ಅಂಕಗಳನ್ನು ಕೂಡಿಸಿ "ನಮ್ಮ ಹುಡುಗನಿಗೆ ಗಣಿತದಲ್ಲಿ 240" ಎಂದು ಯಾರಾದರೂ ಹೇಳಿದರೆ ನಾವು ಮೇಷ್ಟರುಗಳು ನಗುವುದಿಲ್ಲವೆ? ಈ ಲೆಕ್ಕವೂ ಅಂಥದೇ. ಈ ರೂಟರಿನ ಕಾಲದ ಫೋನು ಒಂದು ಹೊತ್ತಿಗೆ ಒಂದೇ ದಾರಿ ಹಿಡಿಯುತ್ತದೆ. ಫೋನಿನೊಳಗೆ ಇರುವುದು ಸಾಮಾನ್ಯವಾಗಿ ಎರಡೇ ಆಂಟೆನಾ. ಹೀಗಾಗಿ ವೈಫೈ 6ರ ಒಳ್ಳೆಯ ಫೋನಿಗೂ ಹೆಚ್ಚಿನ ಕಡೆ 1201 ಮೆಗಾಬಿಟ್ಟೇ ಮೇಲ್ಮಿತಿ, ಅದೂ ಕಾಗದದ ಮೇಲೆ. ಎದುರೇ ಕೂತು ಅಳೆದರೂ ಅದರ ಅರ್ಧ, ಅರ್ಧಕ್ಕಿಂತ ತುಸು ಹೆಚ್ಚು ಸಿಕ್ಕಿದರೆ ಪುಣ್ಯ.

ಇಷ್ಟೆಲ್ಲ ಆದ ಮೇಲೆ, ಮನೆಗೆ ಬರುವ ಫೈಬರ್ ಎಷ್ಟು ತರುತ್ತದೆ? ತಂಗಿಯ ಮನೆಯಲ್ಲಿ ತಿಂಗಳ ಬಾಡಿಗೆ ಕಟ್ಟುವುದು 100 ಮೆಗಾಬಿಟ್ಟಿಗೆ. ಬೀದಿ ನಲ್ಲಿಯಲ್ಲಿ ಬೆರಳು ಗಾತ್ರ ನೀರು ಬರುವಾಗ ಮನೆಯೊಳಗೆ ಆನೆಸೊಂಡಿಲಿನಂಥ ಕೊಳವೆ ಹಾಕಿಸಿದರೆ ಕೊಡ ಬೇಗ ತುಂಬುವುದಿಲ್ಲ. ಫೈಬರಿನವರು ಗೋಡೆಗೆ ಬಿಗಿದು ಹೋದ ಪೆಟ್ಟಿಗೆ ಅಲ್ಲೇ ಇರುತ್ತದೆ. ಹೊಸ ರೂಟರ್ ಅದರ ಹಿಂದೆಯೇ ಕೂರಬೇಕು. ಇನ್ನೂ ಒಂದು ವಿಷಯ. ಅಗ್ಗದ ಹಲವು ರೂಟರುಗಳ ಮೇಲೆ 1200 ಎಂದು ಬರೆದಿದ್ದರೂ ಹಿಂದಿನ ತಂತಿಯ ತೂತು 100 ಮೆಗಾಬಿಟ್ಟಿನದೇ ಆಗಿರುತ್ತದೆ. 200ರ ಯೋಜನೆ ಹಾಕಿಸಿಕೊಂಡು 94ರ ಮೇಲೆ ಏಳುವುದಿಲ್ಲವೆಂದು ಗೊಣಗುವವರು ಮೊದಲು ಆ ತೂತನ್ನು ನೋಡಬೇಕು. ಅಲ್ಲಿ ಗಿಗಾಬಿಟ್ ಎಂದಿದ್ದರೆ ಸರಿ.

ಕೊಂಬುಗಳ ಮಹಿಮೆಯನ್ನು ನಾನು ಪೂರ್ತಿ ತಳ್ಳಿಹಾಕುವವಳಲ್ಲ. ಒಂದಕ್ಕಿಂತ ಹೆಚ್ಚು ಆಂಟೆನಾಗಳಿಂದ ಒಂದೇ ಕಂಪನಾಂಕದಲ್ಲಿ ಬೇರೆ ಬೇರೆ ಮಾಹಿತಿಯ ಎಳೆಗಳನ್ನು ಏಕಕಾಲಕ್ಕೆ ಕಳಿಸಬಹುದೆಂಬ ಉಪಾಯಕ್ಕೆ ಮೈಮೋ ಎನ್ನುತ್ತಾರೆ. ಅದರ ಮೂಲ ಪೇಟೆಂಟನ್ನು 1992ರಲ್ಲಿ ಅಮೆರಿಕೆಯ ಸ್ಟ್ಯಾನ್‌ಫರ್ಡಿನಲ್ಲಿದ್ದಾಗ ಥಾಮಸ್ ಕೈಲಾತ್ ಜೊತೆಗೂಡಿ ಸಲ್ಲಿಸಿದವರು ಆರೋಗ್ಯಸ್ವಾಮಿ ಪಾಲ್‌ರಾಜ್. ಪೊಳ್ಳಾಚಿಯಲ್ಲಿ ಹುಟ್ಟಿ, ನೌಕಾಪಡೆಯಲ್ಲಿದ್ದು, ಬೆಂಗಳೂರಿನಲ್ಲಿ 1986ರಲ್ಲಿ ಕೃತಕ ಬುದ್ಧಿಮತ್ತೆ ಮತ್ತು ರೋಬೋಟಿಕ್ಸ್ ಕೇಂದ್ರವನ್ನು ಕಟ್ಟಿ ನಿಲ್ಲಿಸಿದವರು ಅವರು. ಇವತ್ತು ಪ್ರಪಂಚದ ಹೆಚ್ಚಿನ ವೈಫೈ ರೂಟರುಗಳಲ್ಲಿ ಆ ವಿದ್ಯೆ ಇದೆ. ಬೆಂಗಳೂರಿನ ಅನ್ನ ತಿಂದ ವಿಜ್ಞಾನಿಯ ಹೆಸರು ನಮ್ಮ ಮಕ್ಕಳಿಗೆ ಗೊತ್ತಿಲ್ಲ. ರೂಟರಿನ ದೀಪದ ಬಣ್ಣ ಗೊತ್ತು. ಇರಲಿ. ಆದರೆ ಎಂಟು ಕೊಂಬಿದ್ದರೆ ಎಂಟು ಪಟ್ಟು ದೂರ ಹೋಗುತ್ತದೆಂಬುದು ಸುಳ್ಳು. 2.4 ಗಿಗಾಹರ್ಟ್ಸಿನಲ್ಲಿ ಪರವಾನಗಿ ಇಲ್ಲದೆ ಎಷ್ಟು ಶಕ್ತಿಯಲ್ಲಿ ಪ್ರಸಾರ ಮಾಡಬಹುದೆಂದು ನಮ್ಮ ಸರ್ಕಾರ 2005ರಲ್ಲೇ ಮಿತಿ ಹಾಕಿದೆ. ಸಾವಿರ ರೂಪಾಯಿಯ ರೂಟರಿಗೂ ಐವತ್ತು ಸಾವಿರದ ರೂಟರಿಗೂ ಅದೇ ಮಿತಿ. ಅಲ್ಲದೆ ಮಾತುಕತೆಗೆ ಇಬ್ಬರು ಬೇಕು. ರೂಟರ್ ಕೂಗಿದ್ದು ಹಿಂದಿನ ಕೋಣೆಗೆ ಕೇಳಿಸಿದರೂ, ಅಲ್ಲಿರುವ ಫೋನಿನ ಸಣ್ಣ ದನಿ ರೂಟರಿಗೆ ಕೇಳಿಸಬೇಕಲ್ಲ.

ಈಗ ಗೋಡೆಗೆ ಬರುತ್ತೇನೆ. ಡಬ್ಬದ ಮೇಲೆ ಗೋಡೆಯ ವಿಚಾರ ಒಂದಕ್ಷರವೂ ಇರುವುದಿಲ್ಲ. ಈ ಪೆಟ್ಟಿಗೆಗಳ ಬಗ್ಗೆ ಬರೆಯುವವರಲ್ಲಿ ಬಹಳ ಮಂದಿ ಅಮೆರಿಕದವರು. ಅಲ್ಲಿನ ಮನೆಗಳ ಒಳಗೋಡೆ ಮರದ ಚೌಕಟ್ಟಿಗೆ ಜಿಪ್ಸಂ ಹಲಗೆ ಹೊಡೆದದ್ದು. ಅಲೆಗಳಿಗೆ ಅದು ಪರದೆ ಇದ್ದ ಹಾಗೆ. ನಮ್ಮ ಹೊಸಕೋಟೆ, ಮಾಲೂರು, ಕೋಲಾರದ ಕಡೆಯ ಹಳೇ ಮನೆಗಳು ಕಲ್ಲಿನವು. ಸೈಜುಗಲ್ಲಿನ ಗೋಡೆ, ಮೇಲೆ ಕಲ್ಲುಚಪ್ಪಡಿ. ಹೊಸ ಮನೆಯಾದರೆ ಸಿಮೆಂಟ್ ಇಟ್ಟಿಗೆ, ಕಂಬಿ ಕಟ್ಟಿ ಹಾಕಿದ ಮೋಲ್ಡು. ಅದರ ಮೇಲೆ ಗೋಡೆಗೆ ಆನಿಸಿ ನಿಲ್ಲಿಸಿದ ಕಬ್ಬಿಣದ ಬೀರು, ಬೀರುವಿಗೆ ಆಳೆತ್ತರದ ಕನ್ನಡಿ. ಕಂಪನಾಂಕ ಹೆಚ್ಚಾದಷ್ಟೂ ಗೋಡೆ ದಾಟುವುದು ಕಷ್ಟ. 2.4 ಗಿಗಾಹರ್ಟ್ಸ್ ಹೇಗೋ ನುಸುಳುತ್ತದೆ, 5 ಸೋಲುತ್ತದೆ, 6 ಇನ್ನೂ ಬೇಗ ಸೋಲುತ್ತದೆ. ನಮ್ಮ ದೇಶದಲ್ಲಿ 6 ಗಿಗಾಹರ್ಟ್ಸಿನ ಕೆಳಭಾಗವನ್ನು ವೈಫೈಗೆ ಬಿಟ್ಟುಕೊಡುವ ಕರಡು ನಿಯಮ 2025ರ ಮೇ ತಿಂಗಳಲ್ಲಿ ಹೊರಬಂತು. ಅದಕ್ಕೂ ಮೊದಲೇ ಆ ದಾರಿಯ ಹೆಸರಿನಲ್ಲಿ ದುಡ್ಡು ತೆತ್ತವರಿದ್ದಾರೆ. ಅಂದರೆ ಯಾವ ದಾರಿಗಾಗಿ ನಾವು ಹೆಚ್ಚು ಹಣ ಕೊಡುತ್ತೇವೆಯೋ ಅದೇ ನಮ್ಮ ಮನೆಗಳಲ್ಲಿ ಎಲ್ಲಕ್ಕಿಂತ ಬೇಗ ಮುಗ್ಗರಿಸುವ ದಾರಿ.

ತಂಗಿಯ ಮನೆ ಎರಡು ತುಂಡಿನದು. ಮುಂದೆ ಹತ್ತು ವರ್ಷದ ಹಿಂದೆ ಕಟ್ಟಿದ ತಾರಸಿ ಮನೆ, ಹಿಂದೆ ಅತ್ತೆಮಾವನ ಕಾಲದ ಕಲ್ಲಿನ ಮನೆ, ನಡುವೆ ತೊಟ್ಟಿ. ರೂಟರ್ ಇರುವುದು ಮುಂದಿನ ಹಾಲಿನಲ್ಲಿ, ಟಿವಿಯ ಪಕ್ಕ. ಮೇಲೆ ಮಗನ ಕೋಣೆ. ಮಗಳು ಓದುವುದು ಹಿಂದಿನ ಕಲ್ಲುಕೋಣೆಯಲ್ಲಿ. ಅಲ್ಲಿ ಗದ್ದಲವಿಲ್ಲ, ಮತ್ತು ಬೇರೆ ಕೋಣೆ ಅವಳಿಗೆ ಯಾರೂ ಕೊಟ್ಟಿಲ್ಲ. ಬಿ.ಎಸ್ಸಿ. ಮುಗಿಸಿ ಸರ್ಕಾರಿ ಪರೀಕ್ಷೆಗೆ ತಯಾರಾಗುತ್ತಿದ್ದಾಳೆ. ಸಂಜೆ ಏಳರಿಂದ ಒಂಬತ್ತು ಅವಳ ಆನ್‌ಲೈನ್ ಪಾಠ.

ಪರೀಕ್ಷೆಯನ್ನು ಹೀಗೆ ಮಾಡಿದೆ. ಒಂದೇ ಫೋನು, ಒಂದೇ ಹೊತ್ತು, ಅಂದರೆ ಎಲ್ಲರೂ ಮನೆಯಲ್ಲಿರುವ ಸಂಜೆ ಏಳೂವರೆ. ಬಾಗಿಲುಗಳೆಲ್ಲ ಎಂದಿನಂತೆ ಹಾಕಿದ್ದವು. ಪ್ರತಿ ಜಾಗದಲ್ಲಿ ಮೂರು ಸಲ ಅಳೆದು ನಡುವಿನದನ್ನು ಬರೆದುಕೊಂಡೆ. ಫೈಬರಿನವರ ಹಳೇ ಪೆಟ್ಟಿಗೆಯಲ್ಲಿ ಹಾಲಿನಲ್ಲಿ 93, ಮೇಲಿನ ಕೋಣೆಯಲ್ಲಿ 61, ಅಡುಗೆಮನೆಯಲ್ಲಿ 30, ಕಲ್ಲುಕೋಣೆಯಲ್ಲಿ 2. ಎಂಟು ಕೊಂಬಿನದರಲ್ಲಿ ಹಾಲಿನಲ್ಲಿ 95, ಮೇಲೆ 92, ಅಡುಗೆಮನೆಯಲ್ಲಿ 58, ಕಲ್ಲುಕೋಣೆಯಲ್ಲಿ 4, ಅದೂ ನಡುನಡುವೆ ಕಡಿದು. ವಿಡಿಯೋ ಪಾಠಕ್ಕೆ ಮೂರು ನಾಲ್ಕು ಮೆಗಾಬಿಟ್ ಸಾಕು, ಆದರೆ ಎಡೆಬಿಡದೆ ಬರಬೇಕು. ಇಪ್ಪತ್ತೆಂಟು ಸಾವಿರದಲ್ಲಿ ಚೆನ್ನಾಗಿ ಇದ್ದ ಕಡೆ ಇನ್ನೂ ಚೆನ್ನಾಯಿತು. ಇಲ್ಲದ ಕಡೆ ಇಲ್ಲದೆ ಉಳಿಯಿತು.

ಬೆಲೆಬಾಳುವ ರೂಟರುಗಳ ಮೇಲೆ ನನ್ನ ಮುಖ್ಯ ಆಕ್ಷೇಪ ಇದೇ. ಅವನ್ನು ಹೊಗಳುವವರು ಎಲ್ಲಕ್ಕಿಂತ ಹೆಚ್ಚಿನ ವೇಗ ಎಷ್ಟೆಂದು ಬರೆಯುತ್ತಾರೆ. ಮನೆಯ ರೂಟರಿಗೆ ಅಂಕ ಕೊಡಬೇಕಾದದ್ದು ಎಲ್ಲಕ್ಕಿಂತ ಕಡಿಮೆ ಬಂದ ಕೋಣೆಯನ್ನು ನೋಡಿ. ಆ ಕೋಣೆಯಲ್ಲಿ ಯಾರಿದ್ದಾರೆಂದೂ ನೋಡಬೇಕು. ನಾನು ಕಂಡ ಮನೆಗಳಲ್ಲಿ ಅಲ್ಲಿರುವುದು ಹೆಚ್ಚಾಗಿ ಓದುವ ಹುಡುಗಿ, ಇಲ್ಲವೆ ಮಗನೊಂದಿಗೆ ವಿಡಿಯೋದಲ್ಲಿ ಮಾತಾಡಲು ಕಾದ ಅಜ್ಜಿ. 2020ರಲ್ಲಿ ಶಾಲೆಗಳು ಮುಚ್ಚಿ, ಸರ್ಕಾರ ವಿದ್ಯಾಗಮ ಆರಂಭಿಸಿ, ನಾವು ದೇವಸ್ಥಾನದ ಜಗಲಿ, ಅರಳಿಕಟ್ಟೆಗಳಲ್ಲಿ ಮಕ್ಕಳನ್ನು ಕೂರಿಸಿ ಪಾಠ ಹೇಳಿದಾಗ ಇದನ್ನು ಕಣ್ಣಾರೆ ಕಂಡಿದ್ದೇನೆ. ನೆಟ್ ಇದ್ದ ಮನೆಗಳಲ್ಲೂ ಹುಡುಗ ಹಾಲಿನಲ್ಲಿ ಕೂತಿರುತ್ತಿದ್ದ. ಹುಡುಗಿ ಫೋನು ಹಿಡಿದು ಕಾಂಪೌಂಡಿನ ಹತ್ತಿರ ಸಿಗ್ನಲ್ ಹುಡುಕುತ್ತಿದ್ದಳು. ಹಾಲಿನಲ್ಲೇ ಕೂತು ಅಳೆದರೆ ಇದು ಯಾವ ಅಂಕಿಯಲ್ಲೂ ಕಾಣುವುದಿಲ್ಲ.

ಹಾಗಾದರೆ ಮಾಡಬೇಕಾದ್ದೇನು? ಅಂಗಡಿಯವರು ಮೆಶ್ ತೆಗೆದುಕೊಳ್ಳಿ ಎನ್ನುತ್ತಾರೆ. ಎರಡು ಮೂರು ಪೆಟ್ಟಿಗೆಗಳು ಒಂದಕ್ಕೊಂದು ಸುದ್ದಿ ದಾಟಿಸುತ್ತ ಹೋಗುವ ಏರ್ಪಾಡು ಅದು. ಅದು ಒಳ್ಳೆಯದೇ, ಆದರೆ ಗಾಳಿಯಲ್ಲೇ ದಾಟಿಸುವುದಾದರೆ ಅದೇ ಕಲ್ಲುಗೋಡೆ ಅದಕ್ಕೂ ಅಡ್ಡ ಬರುತ್ತದೆ. ಎರಡೇ ದಾರಿಯ ಅಗ್ಗದ ಮೆಶ್‌ನಲ್ಲಿ ಒಂದೇ ದಾರಿ ಎರಡು ಕೆಲಸ ಮಾಡಬೇಕಾಗಿ ವೇಗ ಅರ್ಧಕ್ಕೆ ಇಳಿಯುತ್ತದೆ. ನಾವು ಮಾಡಿದ್ದು ಬೇರೆ. ಎಲೆಕ್ಟ್ರಿಷಿಯನ್ನನ್ನು ಕರೆಸಿ, ತೊಟ್ಟಿಯ ಅಂಚಿನಲ್ಲಿ ಪೈಪಿನೊಳಗೆ ಇಪ್ಪತ್ತೆರಡು ಮೀಟರ್ ಕ್ಯಾಟ್ 6 ತಂತಿ ಎಳೆಸಿ, ಕಲ್ಲುಗೋಡೆಯಲ್ಲಿ ಮೊದಲೇ ಇದ್ದ ಕರೆಂಟು ವೈರಿನ ತೂತಿನ ಪಕ್ಕ ಇನ್ನೊಂದು ತೂತು ಕೊರೆಸಿ, ಆ ತುದಿಗೆ ಎರಡು ಸಾವಿರ ಚಿಲ್ಲರೆಯ ಸಣ್ಣ ರೂಟರ್ ಕೂರಿಸಿದೆವು. ಈ ತಂತಿ ನೂರು ಮೀಟರಿನವರೆಗೂ ಗಿಗಾಬಿಟ್ ಹೊರುತ್ತದೆ. ಕಲ್ಲುಕೋಣೆಯಲ್ಲಿ ಈಗ 90. ಕೂಲಿಯೂ ಸೇರಿ ನಾಲ್ಕು ಸಾವಿರದೊಳಗೆ ಮುಗಿಯಿತು. ವೈರ್‌ಲೆಸ್ಸಿನ ರೋಗಕ್ಕೆ ವೈರೇ ಮದ್ದಾದದ್ದನ್ನು ನೋಡಿ ಎಲೆಕ್ಟ್ರಿಷಿಯನ್ನಿಗೂ ನಗು ಬಂತು.

ದುಬಾರಿ ರೂಟರ್ ಯಾರಿಗೂ ಬೇಡವೆಂದಲ್ಲ. ಐನೂರು, ಸಾವಿರ ಮೆಗಾಬಿಟ್ಟಿನ ಫೈಬರ್ ಇರುವವರಿಗೆ, ಮನೆಯಲ್ಲಿ ಮೂವತ್ತು ನಲವತ್ತು ಸಾಧನಗಳು, ಕ್ಯಾಮೆರಾಗಳು ಇರುವವರಿಗೆ ಅದರ ಒಳಗಿನ ವೇಗದ ಪ್ರೊಸೆಸರ್ ನಿಜಕ್ಕೂ ದುಡಿಯುತ್ತದೆ. ಕೈಗಾರಿಕಾ ಪ್ರದೇಶದ ಕೆಲಸಗಾರರು ಬಾಡಿಗೆಗಿರುವ ಸಾಲುಮನೆಗಳಲ್ಲಿ ಕಥೆಯೇ ಬೇರೆ. ಅಲ್ಲಿ ಗೋಡೆ ತೆಳು, ಮನೆ ಒಂದೇ ಕೋಣೆ, ದೂರದ ಪ್ರಶ್ನೆ ಇಲ್ಲ. ತೊಂದರೆ ನೆರೆಮನೆಯದು. ಫೋನು ತೆರೆದರೆ ಹದಿನೈದಿಪ್ಪತ್ತು ವೈಫೈ ಹೆಸರುಗಳು. 2.4 ಗಿಗಾಹರ್ಟ್ಸಿನಲ್ಲಿ ಒಂದರ ಮೇಲೊಂದು ಬೀಳದ ಚಾನೆಲುಗಳು ಮೂರೇ: 1, 6, 11. ಇಪ್ಪತ್ತು ಮನೆ ಮೂರು ಚಾನೆಲ್ ಹಂಚಿಕೊಳ್ಳಬೇಕು. ಅಲ್ಲಿ ಬಲವಾದ ರೂಟರ್ ತಂದಿಡುವುದು ವಠಾರದಲ್ಲಿ ಒಬ್ಬರು ಮೈಕು ಹಚ್ಚಿದ ಹಾಗೆ. ಎರಡು ಸಾವಿರದ ರೂಟರಿನಲ್ಲೇ 5 ಗಿಗಾಹರ್ಟ್ಸ್ ಹಿಡಿಸಿಕೊಂಡರೆ ಮುಗಿಯಿತು.

ಕರೆಂಟಿನ ವಿಷಯವನ್ನು ಯಾವ ವಿಮರ್ಶಕರೂ ಎತ್ತುವುದಿಲ್ಲ, ಅವರ ಊರಲ್ಲಿ ಹೋಗುವುದಿಲ್ಲವೇನೋ. ಸಾಧಾರಣ ರೂಟರ್ 12 ವೋಲ್ಟಿನದು, ಒಂದೆರಡು ಆಂಪಿಯರ್ ಸಾಕು. ಸಾವಿರದೈನೂರರ ಪುಟ್ಟ ಯುಪಿಎಸ್ ಸಿಕ್ಕಿಸಿದರೆ ಕರೆಂಟು ಹೋದರೂ ಎರಡು ಮೂರು ಗಂಟೆ ನಡೆಯುತ್ತದೆ. ಎಂಟು ಕೊಂಬಿನದರ ಅಡಾಪ್ಟರ್ 19 ವೋಲ್ಟ್, ಬರೆದಿರುವುದು 65 ವ್ಯಾಟ್. ಆ ಪುಟ್ಟ ಯುಪಿಎಸ್ಸಿಗೆ ಅದು ಏರುವುದೇ ಇಲ್ಲ. ತಂಗಿಯ ಮನೆಯಲ್ಲಿ ಈಗ ಕರೆಂಟು ಹೋದಾಗ ಫೈಬರಿನ ಪೆಟ್ಟಿಗೆಯೂ ಹಿಂದಿನ ಸಣ್ಣದೂ ಬದುಕಿರುತ್ತವೆ, ದೊಡ್ಡದು ಸತ್ತಿರುತ್ತದೆ. ಹಿಂದಿನ ತಂತಿಯನ್ನು ನೇರ ಫೈಬರಿನ ಪೆಟ್ಟಿಗೆಗೇ ಹಾಕಿಸಿದ್ದರಿಂದ ಪಾಠ ನಿಲ್ಲುವುದಿಲ್ಲ. ಮಗನೇ ಲ್ಯಾಪ್‌ಟಾಪ್ ಎತ್ತಿಕೊಂಡು ಕಲ್ಲುಕೋಣೆಗೆ ಬಂದು ತಂಗಿಯ ಪಕ್ಕ ಕೂರುತ್ತಾನೆ.

ಕೊನೆಗೆ, ಕೊಳ್ಳಲೇಬೇಕೆಂದು ಹೊರಟವರು ಅಂಗಡಿಯಲ್ಲಿ ಕೇಳಬೇಕಾದ ಒಂದು ಮಾತಿದೆ. ರೂಟರ್ ಎಂದರೆ ಮನೆಯ ಬಾಗಿಲು. ಅದರೊಳಗಿನ ಸಾಫ್ಟ್‌ವೇರಿನ ಬಿರುಕುಗಳನ್ನು ಕಂಪನಿ ಆಗಾಗ ಮುಚ್ಚುತ್ತಿರಬೇಕು. 2018ರಲ್ಲಿ ಬಂದ ಡಬ್ಲ್ಯುಪಿಎ3 ಎಂಬ ಬೀಗ ಇದೆಯೆ, ಇನ್ನೆಷ್ಟು ವರ್ಷ ತಿದ್ದುಪಡಿ ಕಳಿಸುತ್ತಾರೆ ಎಂದು ಹೊಸಕೋಟೆಯ ಅಂಗಡಿಯೊಂದರಲ್ಲಿ ಕೇಳಿದೆ. ಅಂಗಡಿಯ ಹುಡುಗ ಡಬ್ಬವನ್ನು ನಾಲ್ಕೂ ಮಗ್ಗುಲಿಗೆ ತಿರುಗಿಸಿ ನೋಡಿದ. "ಅದು ಬರೆದಿಲ್ಲ ಮೇಡಂ. ಆದರೆ ಆಂಟೆನಾ ಆರು ಇದೆ ನೋಡಿ" ಎಂದ.