ರೋಡ್‌ಕಿಂಗ್ ಕೊಟ್ಟು ಜಾವಾ ತರಲೇ?

ಬೋರ್ 65 ಮಿಲಿಮೀಟರ್, ಸ್ಟ್ರೋಕ್ 75. ಇರುವುದೊಂದೇ ಸಿಲಿಂಡರ್, ಅದಕ್ಕೆ ಎರಡು ಸೈಲೆನ್ಸರ್. ಎಡಗಾಲಿಗೆ ಸಿಗುವ ಒಂದೇ ಲಿವರ್ ಗೇರೂ ಹೌದು, ಕಿಕ್ಕರೂ ಹೌದು. ಇಷ್ಟೂ ನನ್ನ ಕಪ್ಪು ಯೆಜ್ಡಿ ರೋಡ್‌ಕಿಂಗಿಗೂ ಸಲ್ಲುವ ಮಾತು, ಹುಣಸೂರಿನ ಕಡೆಯ ತೋಟದ ಮನೆಯೊಂದರಲ್ಲಿ ನಿಂತಿರುವ ಕಡುಗೆಂಪು ಜಾವಾಕ್ಕೂ ಸಲ್ಲುವ ಮಾತು. ಎರಡೂ ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆಯವು. ನಡುವೆ ಇಪ್ಪತ್ತು ವರ್ಷದಷ್ಟು ಅಂತರ. ಒಂದಕ್ಕೊಂದು ಬದಲಾಯಿಸಿಕೊಳ್ಳೋಣ, ಮೇಲೆ ಒಂದು ರೂಪಾಯಿಯೂ ಬೇಡ ಎಂದು ಆ ಮನೆಯ ಯಜಮಾನರು ಹೇಳಿ ಕಳಿಸಿದ್ದಾರೆ. ಅವರ ಮೊಮ್ಮಗನಿಗೆ ರೋಡ್‌ಕಿಂಗ್ ಹುಚ್ಚು.

“ನಿಂಗೆ ಹಳೇದ್ರ ಮ್ಯಾಲೆ ಪ್ರೀತಿ, ಅವನಿಗೆ ಓಡ್ಸೋದ್ರ ಮ್ಯಾಲೆ ಪ್ರೀತಿ. ಸರಿಹೋಯ್ತಲ್ಲಪ್ಪ, ಇನ್ನೇನು?” ಎಂಬುದು ಅವರ ವಾದ.

ವ್ಯಾಪಾರದ ಲೆಕ್ಕದಲ್ಲಿ ಇದರಲ್ಲಿ ಯೋಚಿಸುವಂಥದ್ದು ಏನೂ ಇಲ್ಲ. ರೋಡ್‌ಕಿಂಗ್ 1978ರಲ್ಲಿ ಬಂದು ಕಾರ್ಖಾನೆ ಬಾಗಿಲು ಹಾಕಿದ 1996ರವರೆಗೂ ನಡೆದ ಗಾಡಿ. ಮೈಸೂರು, ಬೆಂಗಳೂರಿನಲ್ಲಿ ನಾಲ್ಕು ಜನ ಮೆಕ್ಯಾನಿಕ್‌ಗಳ ಕಿವಿಗೆ ಹಾಕಿದರೆ ಇವತ್ತಿಗೂ ಒಂದು ಸಿಕ್ಕೀತು. ಕಾರ್ಖಾನೆಯ ಮೊದಮೊದಲ ವರ್ಷಗಳ ಜಾವಾ, ಅದರಲ್ಲೂ ಹೊರಬಂದ ದಿನದ ಬಣ್ಣವನ್ನೇ ಮೈಮೇಲೆ ಉಳಿಸಿಕೊಂಡಿರುವುದು, ಹಾಗೆ ಸಿಗುವುದಿಲ್ಲ. ಬೇರೆ ಯಾರಾದರೂ ಆಗಿದ್ದರೆ ಆ ಸಂಜೆಯೇ ಹುಣಸೂರಿನ ರಸ್ತೆ ಹಿಡಿಯುತ್ತಿದ್ದರು. ನಾನು ಮಾತ್ರ ಎರಡನ್ನೂ ತೂಗಿ ನೋಡುತ್ತಾ ಕೂತೆ. ಈ ತೂಗಾಟದಲ್ಲಿ ಎರಡೂ ಗಾಡಿಗಳು ಮೊದಲಿಗಿಂತ ಹೆಚ್ಚು ಚೆಂದ ಕಂಡವು ಎಂಬುದೂ ನಿಜ.

ಮೊದಲು ಜಾವಾದ ಮಾತು. ಫ್ರಾಂಟಿಶೆಕ್ ಯಾನೆಚೆಕ್ ಎಂಬಾತ 1929ರಲ್ಲಿ ಝೆಕೊಸ್ಲೊವಾಕಿಯಾದಲ್ಲಿ ಶುರುಮಾಡಿದ ಈ ಬೈಕನ್ನು ಮೈಸೂರಿಗೆ ತಂದವರು ರುಸ್ತುಂ ಇರಾನಿ ಮತ್ತು ಫರೋಖ್ ಇರಾನಿ. 1961ರಲ್ಲಿ ಕಾರ್ಖಾನೆಯನ್ನು ಉದ್ಘಾಟಿಸಿದವರು ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜೇಂದ್ರ ಒಡೆಯರು. ಆರಂಭದ ಗಾಡಿಗಳಿಗೆ ಬಿಡಿಭಾಗಗಳು ಝೆಕ್ ದೇಶದಿಂದಲೇ ಬರುತ್ತಿದ್ದವು, ಇಲ್ಲಿ ಜೋಡಣೆ ಆಗುತ್ತಿತ್ತು. ಹುಣಸೂರಿನ ಗಾಡಿಯ ಕಾರ್ಬ್ಯುರೇಟರಿನ ಮೇಲೆ ಯಿಕೊವ್ ಎಂಬ ಅಚ್ಚು, ಡೈನಮೋದ ಮೇಲೆ ಪಾಲ್ ಎಂಬ ಅಚ್ಚು ಇನ್ನೂ ಬೆರಳಿಗೆ ತಗಲುತ್ತವೆ.

ಆದರೆ ಅಚ್ಚು ನೋಡಬೇಕಾದರೆ ಮುಚ್ಚಳ ತೆಗೆಯಬೇಕು. ಈ ಜಾವಾದ ಸೊಗಸೆಲ್ಲ ಇರುವುದು ಮುಚ್ಚಿಕೊಂಡಿರುವುದರಲ್ಲಿ. ಕಾರ್ಬ್ಯುರೇಟರ್ ಮೇಲೆ ಒಂದು ಹೊದಿಕೆ. ಚೈನ್ ಪೂರ್ತಿ ಡಬ್ಬಿಯೊಳಗೆ. ಎಂಜಿನ್ನಿನ ಪಕ್ಕದ ಕವರುಗಳಿಗೆ ಮೂಲೆಯೇ ಇಲ್ಲ, ಮೊಟ್ಟೆಯ ಹಾಗೆ ಅಂಗೈಗೆ ಕೂರುತ್ತವೆ. ಸ್ಪೀಡೋಮೀಟರು, ಇಗ್ನಿಷನ್ನಿನ ತೂತು ಎಲ್ಲವೂ ಹೆಡ್‌ಲೈಟಿನ ಬುರುಡೆಯೊಳಗೇ ಅಡಗಿವೆ. ಆ ತೂತಿಗೆ ಇಳಿಯುವ ಕೀ ಒಂದು ಉದ್ದನೆಯ ಮೊಳೆ, ಅಷ್ಟೆ. ಊರಿನ ಒಂದು ಜಾವಾದ ಕೀ ಇನ್ನೊಂದಕ್ಕೂ ಆಗುತ್ತಿತ್ತು. ಪಂಚೆ ಉಟ್ಟವನು ಇಪ್ಪತ್ತು ಮೈಲಿ ಓಡಿಸಿಕೊಂಡು ಬಂದು, ಗ್ರೀಸಿನ ಒಂದು ಚುಕ್ಕೆಯೂ ಇಲ್ಲದೆ ಮದುವೆ ಮನೆಯೊಳಗೆ ಕಾಲಿಡಬಹುದು. ಯಂತ್ರವನ್ನು ಮುಟ್ಟಿದರೆ ಕೈ ಕೊಳೆಯಾಗಬಾರದು ಎಂದು ಯಾರೋ ಬಹಳ ಹೊತ್ತು ಕೂತು ಯೋಚಿಸಿ ಮಾಡಿದ ಗಾಡಿ ಇದು.

ಗಾಡಿ ನೋಡಲು ಹೋದ ದಿನ ಟ್ಯಾಂಕಿನ ಮುಂದೆ ನಾನು ಎಷ್ಟು ಹೊತ್ತು ಕೂತಿದ್ದೆನೋ. ಎರಡೂ ಪಕ್ಕಕ್ಕೆ ಕ್ರೋಮ್, ಮಂಡಿ ತಾಗುವಲ್ಲಿ ರಬ್ಬರಿನ ಪಟ್ಟಿ, ಕೆಂಪು ಮತ್ತು ಕ್ರೋಮ್ ಸೇರುವ ಅಂಚಿನಲ್ಲಿ ಬಂಗಾರದ ಬಣ್ಣದ ಸಣ್ಣ ಗೆರೆ. ಈಗ ಹೊಸದಾಗಿ ಬಣ್ಣ ಹೊಡೆಸುವವರು ಆ ಗೆರೆಗೆ ಸ್ಟಿಕ್ಕರ್ ಅಂಟಿಸುತ್ತಾರೆ. ಅದು ಮೊದಲಿಂದ ಕೊನೆಯವರೆಗೂ ಒಂದೇ ದಪ್ಪ, ನೋಡಿದ ಕೂಡಲೇ ಗೊತ್ತಾಗುತ್ತದೆ. ಇದು ಕೈಯಲ್ಲಿ ಎಳೆದದ್ದು. ಟ್ಯಾಂಕಿನ ಮೂತಿಯ ಹತ್ತಿರ ತಿರುವು ಬರುವಲ್ಲಿ ಗೆರೆ ಒಂದು ಎಳೆಯಷ್ಟು ದಪ್ಪಗಾಗಿ, ತಿರುವು ದಾಟಿದ ಮೇಲೆ ಮತ್ತೆ ತೆಳುವಾಗುತ್ತದೆ. ಶುರುವಾದ ತುದಿಯೂ ಮುಗಿದ ತುದಿಯೂ ಸೀಟಿನ ಕೆಳಗೆ ಕೂಡುವಲ್ಲಿ ಕುಂಚ ಎತ್ತಿದ ಗುರುತಿದೆ. ಕೆಂಪು ಬಣ್ಣ ಮೇಲ್ಭಾಗದಲ್ಲಿ ಬಿಸಿಲಿಗೆ ಒಂದಿಷ್ಟು ಕಂದಿದೆ, ರಬ್ಬರ್ ಪಟ್ಟಿಯ ಅಂಚಿನಲ್ಲಿ ಮಾತ್ರ ಹಾಗೇ ಗಾಢವಾಗಿದೆ. ಪೆಟ್ರೋಲ್ ಮುಚ್ಚಳದ ಸುತ್ತ ತುಳುಕಿದ ಪೆಟ್ರೋಲು ಬಣ್ಣವನ್ನು ತಿಂದು ಒಂದು ಮಸುಕು ಬಳೆ ಬರೆದಿದೆ. ಇದನ್ನು ಮತ್ತೆ ಮಾಡುವುದು ಯಾವ ಪೇಂಟರಿನಿಂದಲೂ ಆಗದು.

ಅವತ್ತು ಯಜಮಾನರು ಅದನ್ನು ನನ್ನ ಕೈಗೆ ಕೊಟ್ಟು ಊರ ಹೊರಗಿನ ರಸ್ತೆಯಲ್ಲಿ ಓಡಿಸಲು ಬಿಟ್ಟರು. ಲಿವರನ್ನು ಒಳಕ್ಕೆ ಒತ್ತಿ, ಮೇಲಕ್ಕೆ ತಿರುಗಿಸಿ, ಕಿಕ್ ಹೊಡೆದರೆ ಎರಡನೆಯದಕ್ಕೇ ಹತ್ತಿಕೊಂಡಿತು. ನಿಂತಲ್ಲೇ ನಿಂತಿರುವಾಗ ಅದರ ಬಡಿತ ಒಂದೇ ಸಮ ಇರುವುದಿಲ್ಲ. ಎರಡು ಹೊಡೆದು ಒಂದು ಬಿಟ್ಟು, ಮತ್ತೆ ಮೂರು ಹೊಡೆದು, ಹಾಗೆ. ಹೊರಟ ಮೇಲೆ ಎಲ್ಲ ಕೂಡಿಕೊಂಡು ಒಂದೇ ಎಳೆಯಾಗುತ್ತದೆ. ಗೇರ್ ಬದಲಿಸಲು ಕೈಯ ಕ್ಲಚ್ ಹಿಡಿಯಲೇಬೇಕೆಂದಿಲ್ಲ. ಕಾಲಿನಿಂದ ಲಿವರ್ ಒತ್ತುತ್ತಿದ್ದಂತೆ ಒಳಗಿನ ಕ್ಯಾಮ್ ಕ್ಲಚ್ಚನ್ನು ತಾನೇ ಬಿಡಿಸುತ್ತದೆ, ಕಾಲು ತೆಗೆದರೆ ಕ್ಲಚ್ ಮತ್ತೆ ಹಿಡಿಯುತ್ತದೆ. ಕಾಲನ್ನು ಥಟ್ಟನೆ ತೆಗೆದರೆ ಗಾಡಿ ಜಗ್ಗುತ್ತದೆ, ನಿಧಾನವಾಗಿ ಬಿಟ್ಟರೆ ಗೇರ್ ಬದಲಾದದ್ದೇ ತಿಳಿಯುವುದಿಲ್ಲ. 12 ಕುದುರೆ ಶಕ್ತಿಯ, 16 ಇಂಚಿನ ಚಕ್ರದ ಈ ಗಾಡಿಗೆ ಅವಸರ ಎಂಬುದಿಲ್ಲ, ಕೂತವನಿಗೂ ಅವಸರ ಮಾಡಗೊಡುವುದಿಲ್ಲ.

ಹೀಗೆ ಬರೆಯುತ್ತಾ ಹೋದರೆ ಓದುವವರು ಜಾವಾ ತಂದೇ ತರುತ್ತಾನೆ ಅಂದುಕೊಳ್ಳುತ್ತಾರೆ. ಸೌಂದರ್ಯದಲ್ಲಿ ಅದೇ ಮೇಲು, ಆ ಬಗ್ಗೆ ನನಗೆ ಅನುಮಾನವಿಲ್ಲ. ರೋಡ್‌ಕಿಂಗಿಗೆ ಅಂಥ ಮುಖವಿಲ್ಲ. ಅದರ ಮೈಕಟ್ಟು ಕೆಸರು, ಕಲ್ಲು, ದಿಣ್ಣೆಯ ಮೇಲೆ ಓಡುವ ಝೆಕ್ ಮೋಟೋಕ್ರಾಸ್ ಬೈಕುಗಳ ಕಡೆಯಿಂದ ಬಂದದ್ದು. ಎತ್ತರದ ನಿಲುವು, 18 ಇಂಚಿನ ಚಕ್ರ, ಸಪೂರ ಟ್ಯಾಂಕು. ಜಾವಾ ಮುಚ್ಚಿಟ್ಟದ್ದನ್ನೆಲ್ಲ ಇದು ಬಿಚ್ಚಿ ತೋರಿಸುತ್ತದೆ. ಎರಡು ದಾರದಷ್ಟು ಗೆರೆಗಾಗಿ ಇದರ ಮುಂದೆ ಯಾರೂ ಕುಕ್ಕರುಗಾಲಲ್ಲಿ ಕೂರುವುದಿಲ್ಲ.

ಇದರ ಸೊಗಸು ತಿಳಿಯಬೇಕಾದರೆ ಚಾಮುಂಡಿ ಬೆಟ್ಟ ಹತ್ತಬೇಕು. 16 ಕುದುರೆ ಶಕ್ತಿ ಎಂದರೆ ಇವತ್ತಿನ ಹುಡುಗರಿಗೆ ಹೆಚ್ಚೇನೂ ಅನ್ನಿಸದು. ಆದರೆ ಅದರ ಎಳೆತದ ತುಟ್ಟತುದಿ ಸಿಗುವುದು 3000 ಸುತ್ತಿನ ಆಸುಪಾಸಿನಲ್ಲೇ. ಅಂದರೆ ಎಂಜಿನ್ ಕಿರುಚುವ ಮೊದಲೇ. ಬೆಟ್ಟದ ತಿರುವುಗಳಲ್ಲಿ ಮೂರನೇ ಗೇರಿನಲ್ಲೇ ಇಟ್ಟು, ತಿರುವಿಗೆ ಮುಂಚೆ ಆಕ್ಸಲರೇಟರ್ ಬಿಟ್ಟು, ಗಾಡಿ ವಾಲಿ ಅರ್ಧ ತಿರುಗುವ ಹೊತ್ತಿಗೆ ಮತ್ತೆ ಕೊಟ್ಟರೆ, ಹಿಂದಿನ ಚಕ್ರ ನೆಲವನ್ನು ಹಿಡಿದು ತಳ್ಳುವುದು ಸೊಂಟಕ್ಕೆ ಗೊತ್ತಾಗುತ್ತದೆ. ಎರಡೂ ಸೈಲೆನ್ಸರಿನ ಸದ್ದು ಬಂಡೆಗೆ ಬಡಿದು ಒಂದು ಕಿವಿಗೆ ಮೊದಲು, ಇನ್ನೊಂದಕ್ಕೆ ಆಮೇಲೆ ಬರುತ್ತದೆ. ಬೆಟ್ಟದ ತಂಪಿಗೆ ಸುಟ್ಟ ಆಯಿಲಿನ ವಾಸನೆ ಸೇರಿಕೊಳ್ಳುತ್ತದೆ. ಆ ಹೊತ್ತಿನಲ್ಲಿ ನನಗೆ ಬೇರೆ ಯಾವ ಗಾಡಿಯೂ ಬೇಡ.

ಇಳಿಯುವಾಗಿನ ವಿದ್ಯೆಯೇ ಬೇರೆ. ಟೂ-ಸ್ಟ್ರೋಕಿಗೆ ಎಂಜಿನ್ ಬ್ರೇಕ್ ಎಂಬುದು ಹೆಸರಿಗಷ್ಟೇ. ಡ್ರಮ್ ಬ್ರೇಕನ್ನು ಒತ್ತಿಯೇ ಹಿಡಿದರೆ ಅದು ಕಾದು ಸಡಿಲವಾಗುತ್ತದೆ. ಇನ್ನೊಂದು ಕಣ್ಣಿಗೆ ಕಾಣದ ಅಪಾಯವೂ ಇದೆ. ಇಂಥ ಎಂಜಿನ್ನಿಗೆ ಆಯಿಲ್ ಹೋಗುವುದು ಪೆಟ್ರೋಲಿನ ಜೊತೆಗೇ, ನಾನು ಲೀಟರಿಗೆ 40 ಮಿಲಿ ಬೆರೆಸುತ್ತೇನೆ. ಆಕ್ಸಲರೇಟರ್ ಪೂರ್ತಿ ಮುಚ್ಚಿ ಉದ್ದಕ್ಕೂ ಇಳಿದರೆ ಪೆಟ್ರೋಲ್ ಇಲ್ಲ, ಪೆಟ್ರೋಲ್ ಇಲ್ಲದಿದ್ದರೆ ಆಯಿಲೂ ಇಲ್ಲ, ಪಿಸ್ಟನ್ ಮಾತ್ರ ಒಣಗಿಕೊಂಡು ಓಡುತ್ತಿರುತ್ತದೆ. ಅದಕ್ಕೇ ನಡುನಡುವೆ ಕ್ಲಚ್ ಹಿಡಿದು ಒಂದೊಂದು ಸಲ ರೇಸ್ ಮಾಡಿ ಬಿಡಬೇಕು. ಹಳೆಯ ಮೆಕ್ಯಾನಿಕ್‌ಗಳು ಅದನ್ನು ಎಂಜಿನ್ನಿಗೆ ನೀರು ಕುಡಿಸುವುದು ಅನ್ನುತ್ತಾರೆ. ಈಗ ನನ್ನ ಕೈ ಅದನ್ನು ಕೇಳದೆಯೇ ಮಾಡುತ್ತದೆ. ಎಲ್ಲಿ ಮಾಡಬೇಕು ಅನ್ನುವುದನ್ನು ಕಿವಿ ಹೇಳುತ್ತದೆ. ಈ ಕಪ್ಪು ಗಾಡಿಯ ಪಾಯಿಂಟು ಸವೆದರೆ ಯಾವ ವೇಗದಲ್ಲಿ ಮಿಸ್ಸಿಂಗ್ ಶುರುವಾಗುತ್ತದೆ, ಸೈಲೆನ್ಸರಿನಲ್ಲಿ ಕಾರ್ಬನ್ ಕಟ್ಟಿದರೆ ಎಳೆತ ಎಲ್ಲಿ ಸೋಲುತ್ತದೆ, ಮಳೆಗಾಲದ ಬೆಳಿಗ್ಗೆ ಎಷ್ಟು ಹೊತ್ತು ಚೋಕ್ ಬೇಕು ಎಂಬುದೆಲ್ಲ ಈಗ ಮೈಗೆ ಬಂದಿದೆ. ಇನ್ನೊಂದು ರೋಡ್‌ಕಿಂಗ್ ಕೊಂಡರೆ ಇದರ ಪಾಠ ಅದಕ್ಕೆ ಅರ್ಧ ಮಾತ್ರ ಅನ್ವಯಿಸುತ್ತದೆ. ಹಾಗಾಗಿ ಎಲ್ಲೆಲ್ಲೂ ಸಿಗುವ ಗಾಡಿ ಎಂಬ ಮಾತು ಅರ್ಧ ಸತ್ಯ.

ಅಪರೂಪ ಎನ್ನುವುದರ ಬಗ್ಗೆ ನಾನು ಬಹಳ ಯೋಚಿಸಿದೆ. ಹುಣಸೂರಿನ ಗಾಡಿ ನನ್ನದಾದ ಮರುಕ್ಷಣದಿಂದ ನಾನು ಅದರ ಸವಾರನಲ್ಲ, ಕಾವಲುಗಾರ. ಮಂಡಿ ಉಜ್ಜಿ ಬಂಗಾರದ ಗೆರೆ ಅಳಿಸಿದರೆ? ದೇವರಾಜ ಅರಸ್ ರಸ್ತೆಯಲ್ಲಿ ನಿಲ್ಲಿಸಿದಾಗ ಪಕ್ಕದ ಸ್ಕೂಟರಿನ ಹ್ಯಾಂಡಲ್ ಟ್ಯಾಂಕಿಗೆ ತಗುಲಿದರೆ? ಮೂಲ ಯಿಕೊವ್ ಒಡೆದರೆ ಮತ್ತೊಂದು ತರುವುದೆಲ್ಲಿಂದ? ಕಾನೂನಿನ ದಾರಿಯೂ ಅದೇ ಕಡೆಗೆ ತಿರುಗಿದೆ. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ಗಾಡಿಯನ್ನು ವಿಂಟೇಜ್ ಎಂದು ನೋಂದಾಯಿಸುವುದಕ್ಕೆ 2021ರಲ್ಲಿ ಕೇಂದ್ರ ಸರ್ಕಾರ ನಿಯಮ ತಂದಿತು. ನಂಬರಿನಲ್ಲಿ ವಿಎ ಎಂಬ ಅಕ್ಷರಗಳು ಬರುತ್ತವೆ. ಗೌರವವೇನೋ ದೊಡ್ಡದು. ಆದರೆ ಹಾಗೆ ನೋಂದಾಯಿಸಿದ ಗಾಡಿಯನ್ನು ದಿನನಿತ್ಯದ ಓಡಾಟಕ್ಕೆ ರಸ್ತೆಗೆ ಇಳಿಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ರಿಪೇರಿ ಎಂದರೆ ಸರಿ. ಹಾಲು ತರಲು, ಸುಮ್ಮನೆ ನಂಜನಗೂಡಿನವರೆಗೆ ಹೋಗಿಬರಲು ಆಗದು. ಆ ನೋಂದಣಿ ಕಡ್ಡಾಯವೇನಲ್ಲ, ಹಳೆಯ ಆರ್‌ಸಿಯನ್ನೇ ನವೀಕರಿಸಿಕೊಂಡು ಓಡಿಸಬಹುದು. ಆದರೂ ಆ ಬಣ್ಣ ನೋಡಿದವನಿಗೆ ಓಡಿಸುವ ಮನಸ್ಸಾಗುವುದಿಲ್ಲ.

ಹಾಗೆ ಕಾಯುವುದು ಕಡಿಮೆ ಕೆಲಸವೆಂದು ನಾನು ಹೇಳುವುದಿಲ್ಲ. ಯಾರಾದರೂ ಕಾಯಲೇಬೇಕು. ಪ್ರತಿ ಜುಲೈ ತಿಂಗಳ ಎರಡನೇ ಭಾನುವಾರ ಜಾವಾ-ಯೆಜ್ಡಿ ದಿನಕ್ಕೆ ಸೇರುವ ಗಾಡಿಗಳ ಸಾಲಿನಲ್ಲಿ ನಡೆದುಹೋದರೆ ಬಹುಪಾಲು ಹೊಸ ಬಣ್ಣ, ಹೊಸ ಕ್ರೋಮ್, ಕನ್ನಡಿಯಂಥ ಹೊಳಪು. ಅವನ್ನು ಪ್ರೀತಿಯಿಂದಲೇ ಮಾಡಿಸಿರುತ್ತಾರೆ. ಆದರೆ ಯಾದವಗಿರಿಯ ಕೆಲಸಗಾರರ ಕೈ ಹೇಗಿತ್ತು ಎಂದು ಕಾಣಬೇಕಾದರೆ ಹುಣಸೂರಿನದರಂಥ ಟ್ಯಾಂಕೇ ಬೇಕು. ನನ್ನ ಆತಂಕ ಇದ್ದದ್ದು ಅಲ್ಲಿ. ನಾನು ಬೇಡವೆಂದರೆ ಅದು ಯಾವ ದಲ್ಲಾಳಿಯ ಕೈಗೆ ಹೋಗುತ್ತದೋ, ವಾರದೊಳಗೆ ಮರಳು ಕಾಗದ ಹಾಕಿ ಉಜ್ಜಿಬಿಡುತ್ತಾರೋ ಎಂಬ ಭಯ. ಈ ಭಯಕ್ಕಾಗಿಯೇ ಒಂದು ಸಲ ಒಪ್ಪಿಬಿಡೋಣ ಅನ್ನಿಸಿತ್ತು.

ಆದರೆ ಗಾಡಿಯನ್ನು ಉಳಿಸುವುದಕ್ಕೆ ಅದು ನನ್ನ ಮನೆಯಲ್ಲೇ ಇರಬೇಕೆಂದಿಲ್ಲ. ಅದು ಹುಟ್ಟಿದಾಗಿನಿಂದ ಒಂದೇ ಮನೆಯಲ್ಲಿದೆ. ಯಜಮಾನರ ತಂದೆ ಕೊಂಡದ್ದು, ಆ ಹೊತ್ತಿನ ಬಿಲ್ಲು ಕಬ್ಬಿಣದ ಪೆಟ್ಟಿಗೆಯಲ್ಲಿದೆ. ಪೆಟ್ರೋಲ್ ಮುಚ್ಚಳದ ಸುತ್ತಲಿನ ಆ ಮಸುಕು ಬಳೆ ಅವರಪ್ಪ ಹೊಗೆಸೊಪ್ಪಿನ ಹರಾಜಿಗೆ ಹೋಗುವ ಬೆಳಗಿನ ಜಾವಗಳಲ್ಲಿ ಕತ್ತಲಲ್ಲಿ ಸುರಿದ ಪೆಟ್ರೋಲಿನದು. ನನ್ನ ಮನೆಗೆ ಬಂದರೆ ಅದು ಬರೀ ಕಲೆ.

ನಿನ್ನೆ ಫೋನ್ ಮಾಡಿ ಹೇಳಿದೆ. “ಯಜಮಾನ್ರೇ, ನನ್ನ ಗಾಡಿ ನಾನು ಕೊಡಲ್ಲ. ನಿಮ್ದೂ ನೀವು ಕೊಡ್ಬೇಡಿ.”

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಂಗಾದ್ರೆ ಒಂದ್ಸಲ ಪಾಲಿಶ್ ಆದ್ರೂ ಹೊಡಿಸ್ಲೇನಪ್ಪ? ಹಬ್ಬ ಬೇರೆ ಬಂತು” ಅಂದರು.

ಪಾಲಿಶ್ ಬೇಡವೇ ಬೇಡ ಎಂದೆ. ಮೆತ್ತನೆಯ ಹತ್ತಿ ಬಟ್ಟೆ, ತಣ್ಣೀರು, ಅಷ್ಟು ಸಾಕು. ಟ್ಯಾಂಕಿನಲ್ಲಿ ಉಳಿದಿರುವ ಪೆಟ್ರೋಲನ್ನು ಇವತ್ತೇ ಬಸಿದು ಹಾಕಿಸಿ, ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಇರುವುದರಿಂದ ಅದು ನೀರನ್ನು ಎಳೆದುಕೊಂಡು ಒಳಗೆ ತುಕ್ಕು ಹಿಡಿಸುತ್ತದೆ, ಹಳೆಯ ರಬ್ಬರನ್ನೂ ತಿನ್ನುತ್ತದೆ ಎಂದೆ. ಪ್ಲಗ್ ಬಿಚ್ಚಿ ಒಂದು ಚಮಚ ಟೂ-ಟಿ ಆಯಿಲ್ ಬಿಟ್ಟು, ವಾರಕ್ಕೊಮ್ಮೆ ಲಿವರನ್ನು ಕೈಯಲ್ಲೇ ನಿಧಾನವಾಗಿ ತಿರುಗಿಸಲು ಹೇಳಿದೆ. ಎಲ್ಲವನ್ನೂ ಮೊಮ್ಮಗ ಕಾಗದದಲ್ಲಿ ಬರೆದುಕೊಳ್ಳುತ್ತಿದ್ದ. ಅವನಿಗೆ ರೋಡ್‌ಕಿಂಗ್ ಬೇಕೇ ಬೇಕಂತೆ, ಪಿರಿಯಾಪಟ್ಟಣದಲ್ಲಿ ಒಂದು ಇದೆಯಂತೆ. ಎಂಜಿನ್ ನಂಬರು, ಚಾಸಿ ನಂಬರು ಆರ್‌ಸಿಗೆ ಹೊಂದುತ್ತವೆಯೇ ಎಂದು ಮೊದಲು ನೋಡು, ಬಣ್ಣ ಕಡೆಗೆ ನೋಡು, ಮುಂಗಡ ಕೊಡುವ ಮುಂಚೆ ನನ್ನನ್ನು ಕರೆ ಎಂದಿದ್ದೇನೆ. ಭಾನುವಾರ ಬೆಳಿಗ್ಗೆ ಹೊರಡುತ್ತಿದ್ದೇವೆ.