ಹಬ್ಬದ ಮನವಿಯ ಎರಡನೇ ವಾಕ್ಯ

ದಸರಾ ಹತ್ತಿರವಾಗುತ್ತಿದ್ದಂತೆ ಹೊರಗುತ್ತಿಗೆ ನೌಕರರು ಬೋನಸ್ ಕೇಳಿ ಒಂದು ಪತ್ರ ಬರೆಯುತ್ತಾರೆ. ಆಸ್ಪತ್ರೆಯ ಹೌಸ್‌ಕೀಪಿಂಗ್‌ನವರು, ಗೇಟಿನ ಸೆಕ್ಯುರಿಟಿಯವರು, ಗೋದಾಮಿನ ಲೋಡಿಂಗ್‌ನವರು, ಕಚೇರಿಯ ಡೇಟಾ ಎಂಟ್ರಿ ಆಪರೇಟರುಗಳು, ಹೀಗೆ ಬರೆಯುವವರು ಬೇರೆ ಬೇರೆ. ಪತ್ರ ಮಾತ್ರ ಒಂದೇ. ಪತ್ರವ್ಯವಹಾರ ಕಲಿಸುವವರು ಇದನ್ನು ವಿನಯದ ಮಾದರಿ ಎನ್ನುತ್ತಾರೆ. ಎಚ್‌ಆರ್ ಸಲಹೆಗಾರರು ಕೇಳುವ ಸರಿಯಾದ ಕ್ರಮವೇ ಇದು ಎನ್ನುತ್ತಾರೆ. ಈ ಪತ್ರಕ್ಕೆ ಬಂದಿರುವ ಹೆಸರು ಅದರ ಯೋಗ್ಯತೆಯನ್ನು ಮೀರಿದ್ದು ಎಂಬುದು ನನ್ನ ಖಚಿತ ಅಭಿಪ್ರಾಯ. ಬರೆದವರ ಕೈಯಲ್ಲಿದ್ದ ಹಕ್ಕನ್ನು ಬರೆದವರಿಂದಲೇ ಬಿಡಿಸುವ ಪತ್ರ ಇದು.

ಬೋನಸ್ಸಿನ ಚರಿತ್ರೆಯನ್ನು ಇಲ್ಲಿ ಮತ್ತೆ ಹೇಳಬೇಕಿಲ್ಲ. ಮೆಹರ್ ಆಯೋಗ, 1965ರ ಬೋನಸ್ ಕಾಯ್ದೆ, 1972ರಲ್ಲಿ ಕನಿಷ್ಠ ಬೋನಸ್ ಶೇ 4ರಿಂದ 8.33ಕ್ಕೆ ಏರಿದ್ದು, ತುರ್ತುಪರಿಸ್ಥಿತಿಯಲ್ಲಿ ಕುಸಿದು 1977ರಲ್ಲಿ ಮರಳಿದ್ದು ಎಲ್ಲವೂ ಓದುಗರಿಗೆ ಗೊತ್ತು. 2025ರ ನವೆಂಬರ್ 21ರಿಂದ ಆ ಕಾಯ್ದೆಯ ಜಾಗದಲ್ಲಿ 2019ರ ವೇತನ ಸಂಹಿತೆ ನಿಂತಿದೆ. ಶೇ 8.33 ಹಾಗೇ ಇದೆ, ವರ್ಷದಲ್ಲಿ 30 ದಿನ ದುಡಿದಿರಬೇಕೆಂಬ ಷರತ್ತೂ ಹಾಗೇ ಇದೆ.

ಪತ್ರಕ್ಕೆ ಬರೋಣ. ಅದರ ಸಾಮಾನ್ಯ ರೂಪ ಹೀಗಿರುತ್ತದೆ: 'ಮಾನ್ಯರೇ, ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ನಾವು ತಮ್ಮ ಸಂಸ್ಥೆಯಲ್ಲಿ ಹಲವು ವರ್ಷಗಳಿಂದ ಪ್ರಾಮಾಣಿಕವಾಗಿ ಸೇವೆ ಸಲ್ಲಿಸುತ್ತಿದ್ದೇವೆ. ದಿನಬಳಕೆಯ ವಸ್ತುಗಳ ಬೆಲೆ ಏರಿದ್ದು, ಹಬ್ಬದ ಖರ್ಚಿಗೆ ತುಂಬಾ ತೊಂದರೆಯಾಗಿರುವುದರಿಂದ, ದಯಮಾಡಿ ಈ ಬಾರಿ ನಮಗೆ ಬೋನಸ್ ಮಂಜೂರು ಮಾಡಿಕೊಡಬೇಕೆಂದು ಪ್ರಾರ್ಥಿಸುತ್ತೇವೆ.'

ಮೊದಲ ವಾಕ್ಯದಲ್ಲಿ ದೊಡ್ಡ ತಪ್ಪಿಲ್ಲ. ಕಾನೂನು 'ಹಲವು ವರ್ಷ' ಕೇಳುವುದಿಲ್ಲ, ಆ ಲೆಕ್ಕಪತ್ರ ವರ್ಷದ 30 ದಿನ ಕೇಳುತ್ತದೆ. ಆ ವರ್ಷದ ಮಧ್ಯದಲ್ಲಿ ಸೇರಿದ ಹುಡುಗನೂ ಅರ್ಹನೇ ಎಂಬುದನ್ನು ಈ ವಾಕ್ಯ ಮರೆಸುತ್ತದೆ, ಅಷ್ಟೇ. ಕೆಡುವುದು ಎರಡನೆಯದು. ಬೋನಸ್ ಯಾಕೆ ಕೊಡಬೇಕು ಎಂಬ ಪ್ರಶ್ನೆಗೆ ಅದು ಕೊಡುವ ಕಾರಣ 'ತೊಂದರೆಯಾಗಿರುವುದರಿಂದ'. ಅಂದರೆ ಕಾರಣ ಇರುವುದು ಕೇಳುವವನ ಮನೆಯಲ್ಲಿ, ಅವನು ಮಾಡಿ ಮುಗಿಸಿದ ಕೆಲಸದಲ್ಲಿ ಅಲ್ಲ. ತೊಂದರೆಯೇ ಕಾರಣವಾದರೆ ಅದರ ತೂಕ ನೋಡುವ ಅಧಿಕಾರ ಓದುವವನಿಗೆ ಸಿಗುತ್ತದೆ. ಒಂದು ಸ್ವೀಟ್ ಬಾಕ್ಸು, ಒಂದು ಸಾವಿರದ ಕವರು ಕೊಟ್ಟು ಅವನು ಪ್ರಾಮಾಣಿಕವಾಗಿಯೇ ಸಮಾಧಾನಪಡಬಹುದು. ಪತ್ರ ಕೇಳಿದ್ದಕ್ಕೆ ಅವನು ಸರಿಯಾಗಿಯೇ ಉತ್ತರಿಸಿದ್ದಾನೆ.

ಇಷ್ಟಕ್ಕೇ ನಿಲ್ಲುವುದಿಲ್ಲ. ಪೂಜಾ ಬೋನಸ್ಸಿನಂತೆ ರೂಢಿಯಿಂದ ಕೊಟ್ಟದ್ದನ್ನು ಶಾಸನಬದ್ಧ ಬೋನಸ್ಸಿನಿಂದ ಮುರಿದುಕೊಳ್ಳಲು 1965ರ ಕಾಯ್ದೆಯೇ ಮಾಲೀಕನಿಗೆ ಅವಕಾಶ ಕೊಟ್ಟಿತ್ತು. ಹಬ್ಬದ ಹೆಸರಿನಲ್ಲಿ ಕೇಳಿದ ಪತ್ರ ಆ ಕಳೆಯುವ ಲೆಕ್ಕಕ್ಕೆ ಸಾಕ್ಷಿಯಾಗುತ್ತದೆ. ಲೆಕ್ಕಪತ್ರ ವರ್ಷ ಮುಗಿದ ಎಂಟು ತಿಂಗಳೊಳಗೆ ಬೋನಸ್ ಕೈಸೇರಬೇಕು. ಮಾರ್ಚ್ 31ಕ್ಕೆ ವರ್ಷ ಮುಗಿದರೆ ಗಡುವು ನವೆಂಬರ್ 30. ಆಯುಧಪೂಜೆಯೂ ದೀಪಾವಳಿಯೂ ಆ ಗಡುವಿನ ಮುಂಚೆಯೇ ಬರುವುದರಿಂದ ಹಬ್ಬವೇ ಕಾರಣವೆಂದು ಎಲ್ಲರೂ ನಂಬಿಬಿಟ್ಟಿದ್ದಾರೆ. ಪತ್ರದಲ್ಲಿ ಹಬ್ಬ ಇರುತ್ತದೆ, ನವೆಂಬರ್ 30 ಇರುವುದಿಲ್ಲ.

'ಈ ಬಾರಿ' ಎಂಬ ಮಾತನ್ನೂ ನೋಡಿ. ಹಿಂದಿನ ವರ್ಷಗಳ ಬಾಕಿಯನ್ನು ಅದು ಸದ್ದಿಲ್ಲದೆ ಮನ್ನಾ ಮಾಡುತ್ತದೆ. ಸಂಹಿತೆಯಾದರೋ ಬಾಕಿಗೆ ಅರ್ಜಿ ಹಾಕಲು ಮೂರು ವರ್ಷ ಕೊಟ್ಟಿದೆ. ಮೊತ್ತವಂತೂ ಎಲ್ಲೂ ಇಲ್ಲ, ಮತ್ತು ದುಡ್ಡು ಹೋಗುವುದು ಅಲ್ಲಿಯೇ. ಹಳೆಯ ಕಾಯ್ದೆಗೆ 2015ರಲ್ಲಿ ಆದ ತಿದ್ದುಪಡಿ ತಿಂಗಳಿಗೆ 21,000 ರೂಪಾಯಿ ಮೀರದ ಸಂಬಳದವರನ್ನು ಒಳಗೆ ತಂದಿತು. ಲೆಕ್ಕ ಹಾಕುವುದು 7,000 ರೂಪಾಯಿಯ ಮೇಲೋ ಆ ಕೆಲಸದ ಕನಿಷ್ಠ ವೇತನದ ಮೇಲೋ, ಯಾವುದು ಹೆಚ್ಚೋ ಅದರ ಮೇಲೆ ಎಂದಿತು. ಕನಿಷ್ಠ ವೇತನ 15,000 ಎಂದಿಟ್ಟುಕೊಳ್ಳಿ: ವರ್ಷದ ಬೋನಸ್ 14,994 ರೂಪಾಯಿ. 7,000ದ ಮೇಲೆ ಹಾಕಿದರೆ 6,997. ನೌಕರರನ್ನು ಒದಗಿಸುವ ಏಜೆನ್ಸಿಯವರು ಎರಡನೆಯದನ್ನು ಕೊಟ್ಟು ಸಹಿ ಹಾಕಿಸಿಕೊಂಡರೆ, ಮೊತ್ತವನ್ನೇ ಬರೆಯದ ಪತ್ರ ಏನು ತಕರಾರು ಎತ್ತೀತು?

ಇಲ್ಲಿ ನನಗೆ ಜಗಳವಿರುವುದು ಈ ಮಾದರಿಯನ್ನು ಸಮರ್ಥಿಸುವ ವಿಮರ್ಶಕ ಮಿತ್ರರ ಜೊತೆ. ವಿನಯ ನಮ್ಮ ಅರ್ಜಿ ಪರಂಪರೆಯ ಗುಣ, ಅದನ್ನು ಕಾನೂನಿನ ಒರಟು ಭಾಷೆಗೆ ಬಲಿಕೊಡಬಾರದು ಎಂಬುದು ಅವರ ವಾದ. ಪರಂಪರೆಯನ್ನೇ ನೋಡೋಣ. ತಹಶೀಲ್ದಾರರಿಗೆ ಖಾತೆ ಬದಲಾವಣೆಯ ಅರ್ಜಿ ಬರೆಯುವ ರೈತ ಸರ್ವೆ ನಂಬರ್ ಬಿಟ್ಟು ಮಗಳ ಮದುವೆಯ ಕಷ್ಟವನ್ನಷ್ಟೇ ಬರೆಯುತ್ತಾನೆಯೇ? 'ಮಾನ್ಯರೇ' ಎನ್ನುತ್ತಾನೆ, ಕೈಮುಗಿಯುತ್ತಾನೆ, ಜೊತೆಗೆ ಎಕರೆ, ಗುಂಟೆ, ಚೆಕ್ಕುಬಂದಿ ಎಲ್ಲ ನಮೂದಿಸುತ್ತಾನೆ. ವಿನಯ ಸಂಬೋಧನೆಯಲ್ಲಿರಲಿ, ಯಾರಿಗೂ ಬೇಸರವಿಲ್ಲ. ಅದು ಕಾರಣದ ಜಾಗಕ್ಕೆ ಬಂದು ಕೂತಾಗ ಹೊಟ್ಟೆಪಾಡಿಗೆ ಪೆಟ್ಟು ಬೀಳುತ್ತದೆ. ತಮ್ಮ ಗೌರವಧನ ತಡವಾದಾಗ ಈ ಮಿತ್ರರಾರೂ ಹಬ್ಬದ ಖರ್ಚನ್ನು ಮುಂದಿಟ್ಟು ಬರೆಯುವುದಿಲ್ಲ. ಲೇಖನದ ಹೆಸರು, ಸಂಚಿಕೆಯ ತಿಂಗಳು, ಬರಬೇಕಾದ ಮೊತ್ತ ಬರೆಯುತ್ತಾರೆ. ಕಸ ಗುಡಿಸುವವರಿಗೆ ಮಾತ್ರ ಬೇರೆ ಶೈಲಿಯನ್ನು ಶಿಫಾರಸು ಮಾಡುವುದು ನನಗೆ ಒಪ್ಪಿಗೆಯಿಲ್ಲ.

ಇನ್ನೊಂದು ಬಣ, ಪತ್ರವೇ ವ್ಯರ್ಥ, ಗೇಟಿನ ಮುಂದೆ ಕೂರುವುದೊಂದೇ ದಾರಿ ಎನ್ನುವವರದು. ಅವರ ಸಿಟ್ಟು ನ್ಯಾಯದ್ದು, ತೀರ್ಮಾನ ಅವಸರದ್ದು. ಗುತ್ತಿಗೆ ಕಾರ್ಮಿಕರ 1970ರ ಕಾಯ್ದೆಯಲ್ಲಿ ಗುತ್ತಿಗೆದಾರ ವೇತನ ಕೊಡದಿದ್ದರೆ ಕೆಲಸ ಮಾಡಿಸಿಕೊಳ್ಳುವ ಮೂಲ ಮಾಲೀಕ ಕೊಡಬೇಕಿತ್ತು. ಆದರೆ ಅಲ್ಲಿ ಎರವಲು ತಂದ 'ವೇತನ'ದ ವ್ಯಾಖ್ಯಾನ ಬೋನಸ್ಸನ್ನು ಬಹುಮಟ್ಟಿಗೆ ಹೊರಗಿಟ್ಟಿತ್ತು. ವೇತನ ಸಂಹಿತೆಯ 43ನೇ ಪ್ರಕರಣದ ಪರಂತುಕ ಸಂಹಿತೆಯಡಿ ಕೊಡಬೇಕಾದ ಎಲ್ಲ ಮೊತ್ತದ ಹೊಣೆಯನ್ನು ಸಂಸ್ಥೆಯ ಒಡೆಯನ ಮೇಲೂ ಹಾಕಿದೆ. ಕೇಂದ್ರ ಸರ್ಕಾರ 2020ರಲ್ಲಿ ಪ್ರಕಟಿಸಿದ ಕರಡು ನಿಯಮಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋದವು: ಗುತ್ತಿಗೆದಾರ ಕನಿಷ್ಠ ಬೋನಸ್ ಕೊಟ್ಟಿಲ್ಲವೆಂದು ನೌಕರರು ಅಥವಾ ಅವರ ನೋಂದಾಯಿತ ಸಂಘ ಲಿಖಿತವಾಗಿ ತಿಳಿಸಿದರೆ, ಖಚಿತಪಡಿಸಿಕೊಂಡು ಸಂಸ್ಥೆಯೇ ಕೊಡಬೇಕು. ಲಿಖಿತವಾಗಿ ತಿಳಿಸುವುದೆಂದರೆ ಪತ್ರವೇ. ಆದರೆ 'ತೊಂದರೆಯಾಗಿರುವುದರಿಂದ ಪ್ರಾರ್ಥಿಸುತ್ತೇವೆ' ಎಂಬ ಪತ್ರ ಯಾರ ಲೋಪವನ್ನೂ ತಿಳಿಸುವುದಿಲ್ಲ. ಬರೆದೂ ಬರೆಯದಂತಾಗುತ್ತದೆ.

ಈ ಮನವಿಯ ಪರವಾಗಿ ಹೇಳಬಹುದಾದ ಮಾತೊಂದಿದೆ. ಹತ್ತಿಪ್ಪತ್ತು ಜನರ ಸಣ್ಣ ಘಟಕದಲ್ಲಿ, ಎಲ್ಲರ ಮನೆಯ ಸ್ಥಿತಿ ಗೊತ್ತಿರುವ ಮಾಲೀಕನ ಮುಂದೆ ಅದು ಫಲಿಸುವುದುಂಟು. ಏಜೆನ್ಸಿ, ಸೂಪರ್‌ವೈಸರ್, ಎಚ್‌ಆರ್, ಅಕೌಂಟ್ಸ್ ಎಂದು ನಾಲ್ಕು ಮೇಜು ದಾಟಬೇಕಾದ ಕಡೆ ಕರುಣೆ ಎರಡನೇ ಮೇಜಿಗೇ ನಿಲ್ಲುತ್ತದೆ. ಅಲ್ಲಿ ಬರುವ ಉತ್ತರವೂ ಸಿದ್ಧವಾಗಿರುತ್ತದೆ: 'ಬೋನಸ್ ನಿಮ್ಮ ಸಂಬಳದಲ್ಲೇ ಸೇರಿದೆ.' ಸೇರಿದ್ದರೆ ಪೇ ಸ್ಲಿಪ್ಪಿನಲ್ಲಿ ಅದರದೇ ಸಾಲು ಕಾಣಬೇಕು. ಹಲವು ಟೆಂಡರುಗಳ ದರಪಟ್ಟಿಯಲ್ಲಿ ಪಿಎಫ್ ಶೇ 13, ಇಎಸ್‌ಐ ಶೇ 3.25ರ ಕೆಳಗೆ ಬೋನಸ್ ಶೇ 8.33 ಎಂಬ ಸಾಲೂ ಇರುತ್ತದೆ. ಆ ಹಣವನ್ನು ಏಜೆನ್ಸಿ ಮೂಲ ಸಂಸ್ಥೆಯಿಂದ ಪಡೆದಿದೆಯೇ ಎಂದು ಕೇಳುವ ಪತ್ರ ಇಡೀ ಮಾತುಕತೆಯ ದಿಕ್ಕನ್ನೇ ಬದಲಿಸುತ್ತದೆ. ಕೊಟ್ಟಿದ್ದೇವೆ ಎಂದು ರುಜುವಾತು ಮಾಡುವ ಹೊರೆ ಸಂಹಿತೆಯ 59ನೇ ಪ್ರಕರಣದ ಪ್ರಕಾರ ಮಾಲೀಕನದು.

ಭಯ ಸುಳ್ಳಲ್ಲ. 'ನಾಳೆಯಿಂದ ಬರಬೇಡಿ' ಎಂಬ ಫೋನು ಒಂದೇ ಸಾಕು, ಹನ್ನೊಂದು ತಿಂಗಳ ಕರಾರಿನವರಿಗೆ ಕೆಲಸ ಹೋಗಲು. ಆದ್ದರಿಂದಲೇ ಪತ್ರ ಒಬ್ಬರ ಹೆಸರಿನಲ್ಲಿ ಹೋಗಬಾರದು. ಎಲ್ಲರೂ ಸಹಿ ಮಾಡಿ ಅಥವಾ ಸಂಘದ ಲೆಟರ್‌ಹೆಡ್‌ನಲ್ಲಿ ಹೋಗಬೇಕು. ವರ್ಷ, ದುಡಿದ ದಿನ, ಸಂಬಳ, ಬರಬೇಕಾದ ಮೊತ್ತ ಇಷ್ಟೇ ಇರಲಿ. ಏಜೆನ್ಸಿಗೆ ಒಂದು ಪ್ರತಿ, ಮೂಲ ಸಂಸ್ಥೆಯ ಟಪಾಲು ವಿಭಾಗಕ್ಕೆ ಇನ್ನೊಂದು, ಮತ್ತು ತಾರೀಖಿನ ಸೀಲು ಬಿದ್ದ ಮೂರನೆಯದು ಬರೆದವರ ಬಳಿ. ಟೆಂಡರ್ ಮುಗಿದು ಏಜೆನ್ಸಿ ಬದಲಾಗುವ ಮುಂಚೆ ಈ ಕೆಲಸ ಆಗಬೇಕು, ಆಮೇಲೆ ಹಳೆಯ ಏಜೆನ್ಸಿಯ ಬೋರ್ಡೂ ಸಿಗುವುದಿಲ್ಲ.